ಪುಟ್ಟಿಯ ಕೆಳಗಿನ ನಂಬರು

ನಮ್ಮ ಕಾರಿನ ಬಾನೆಟ್ಟು ಎತ್ತಿದರೆ ಸಾಕು, ಬಿಲ್ಡಿಂಗಿನ ಯಾರಾದರೊಬ್ಬರು ಬಂದು ನಿಂತು, "ಕ್ಯಾ ಹುವಾ ಭಾಭೀ, ಫಿರ್ ಬಂದ್?" ಎಂದು ಕೇಳುತ್ತಾರೆ. ಬಂದ್ ಆಗಿರುವುದಿಲ್ಲ. ಬಂದ್ ಆಗಬಾರದು ಅಂತಲೇ ನಾವು ಬಾನೆಟ್ಟು ಎತ್ತುವುದು. ಇಷ್ಟು ವರ್ಷ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಈಗ ಕೇಳಿದವರ ಕೈಗೆ ಒಂದು ಟಾರ್ಚು ಕೊಟ್ಟು, "ಜರಾ ಇಧರ್ ಪಕಡೋ" ಎಂದುಬಿಡುತ್ತೇನೆ. ಎರಡನೇ ಸಲ ಕೇಳಲು ಯಾರೂ ಬರುವುದಿಲ್ಲ.

ನಾವಿರುವುದು ಮುಲುಂಡಿನಲ್ಲಿ, ಲಿಫ್ಟಿಲ್ಲದ ಹಳೇ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಬಂದಾಗ ಕಾಂದಿವಲಿಯ ಚಾಳಿನಲ್ಲಿದ್ದೆವು. ನಮ್ಮ ಮನೆಯವರು ಅಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಫೋರ್‌ಮನ್ ಆಗಿ ನಿವೃತ್ತರಾದರು. ನಾನು ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ಇಬ್ಬರಿಗೂ ದಿನವಿಡೀ ಯಾರನ್ನಾದರೂ ಗದರಿಸಿಯೇ ಅನ್ನ ಹುಟ್ಟುತ್ತಿತ್ತು; ಹಾಗಾಗಿ ಮನೆಗೆ ಬಂದಮೇಲೂ ಇಬ್ಬರ ದನಿ ಇಳಿಯುತ್ತಿರಲಿಲ್ಲ. ಮುಲುಂಡಿಗೆ ಬಂದಾಗ ಎದುರು ಮನೆಯವರು ಮೊದಮೊದಲು ಜಗಳವೆಂದು ಬಾಗಿಲು ತೆಗೆದು ನೋಡುತ್ತಿದ್ದರು. ಅದು ಪಲ್ಯಕ್ಕೆ ಉಪ್ಪು ಸಾಕೋ ಬೇಕೋ ಎಂಬ ಚರ್ಚೆ ಎಂದು ತಿಳಿಯಲು ಅವರಿಗೆ ಒಂದು ವರ್ಷ ಹಿಡಿಯಿತು.

ಕಾರು ನಮ್ಮ ಕೈಗೆ ಬಂದಾಗ ಅದಕ್ಕೆ ನಾಲ್ಕು ವರ್ಷ. ಚಿಕ್ಕದು, ಬಿಳಿಯದು, ನಾಲ್ಕು ಜನ ಮೊಣಕಾಲು ಮಡಚಿ ಕೂತರೆ ಹಿಡಿಸುವಂಥದು. ಮೊದಲ ದಿನದಿಂದಲೂ ಅದನ್ನು ಇವರು ಗ್ಯಾರೇಜಿಗೆ ಬಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಭಾನುವಾರ ಬೆಳಗ್ಗೆ ಏಳಕ್ಕೆ ಕೆಳಗಿಳಿದರೆ ಹತ್ತಕ್ಕೆ ಮೇಲೆ ಬರುವರು, ಅಂಗಿಯ ತುಂಬ ಗ್ರೀಸು. ಕಾರ್ಖಾನೆ ಬಿಟ್ಟಮೇಲೂ ಅವರ ಕಾರ್ಖಾನೆ ಕಾಂಪೌಂಡಿನ ಮೂಲೆಯಲ್ಲಿ, ನುಗ್ಗೆಗಿಡದ ಕೆಳಗೆ ಹೀಗೆ ನಡೆದಿತ್ತು.

ಆಮೇಲೆ ಕೈ ನಡುಗಲು ಶುರುವಾಯಿತು. ಚಹಾದ ಕಪ್ಪು ಬಸಿಯ ಮೇಲೆ ಟಕಟಕ ಅನ್ನತೊಡಗಿದಾಗ ನಾನು, "ಏನ್ರೀ, ತಾಳಾ ಹಾಕಾಕತ್ತೀರಿ?" ಎಂದು ಚೇಷ್ಟೆ ಮಾಡಿದ್ದೆ. ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಡಾಕ್ಟರು ಪರೀಕ್ಷೆ ಮಾಡಿ, ಇದು ಸುಮ್ಮನಿದ್ದಾಗ ಬರುವುದಲ್ಲ, ಏನಾದರೂ ಮಾಡಲು ಕೈ ಚಾಚಿದಾಗ ಬರುವ ನಡುಕ, ಜೀವಕ್ಕೇನೂ ಭಯವಿಲ್ಲ ಎಂದರು. ಮನೆಗೆ ಬರುವಾಗ ಇವರು ಒಂದೇ ಮಾತಾಡಿದರು. "ಕೆಲಸಕ್ಕ ಕೈ ಚಾಚಿದ್ರ ನಡಗತೈತಿ. ಹಂಗಾರ ಈ ಜೀವಾ ಇಟಗೊಂಡು ಏನ್ ಮಾಡೂದು?"

ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಮರುದಿನ ಭಾನುವಾರ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ಲಾಸ್ಟಿಕ್ ಸ್ಟೂಲು ಒಂದು ಕೈಯಲ್ಲಿ, ಹತ್ಯಾರಗಳ ಪೆಟ್ಟಿಗೆ ಇನ್ನೊಂದು ಕೈಯಲ್ಲಿ ಹಿಡಿದು ಕೆಳಗಿಳಿದೆ. ಸ್ಟೂಲನ್ನು ಕಾರಿನ ಪಕ್ಕ ಹಾಕಿ, "ಬಂದು ಕುಂದರ್ರಿ. ನೀವು ಹೇಳ್ರಿ, ನಾ ಮಾಡ್ತೇನಿ" ಎಂದೆ.

ಹೀಗೆ ನಾನು ಕೈಯಾದೆ, ಅವರು ತಲೆಯಾದರು. ಮೊದಲ ದಿನ ಹತ್ತು ನಂಬರಿನ ಪಾನಾ, ಅಂದರೆ ಸ್ಪ್ಯಾನರು, ಕೇಳಿದರೆ ನಾನು ಹನ್ನೆರಡರದು ಎತ್ತಿದೆ. ಬೋಲ್ಟನ್ನು ಸಡಿಲಿಸುವ ಬದಲು ಬಿಗಿ ಮಾಡಿದೆ. "ಏ, ಎಡಕ್ಕ! ಎಡಕ್ಕ ತಿರುವು! ಎಡಗೈ ಯಾವ್ದು ಗೊತ್ತೈತಿಲ್ಲ ನಿನಗ?" ಎಂದು ಇಡೀ ಕಾಂಪೌಂಡಿಗೆ ಕೇಳುವಂತೆ ಕೂಗಿದರು. ನಾನೂ ಬಿಡಲಿಲ್ಲ. "ನಿಮ್ಮ ಕಾರ್ಖಾನ್ಯಾಗ ಹಿಂಗ ಒದರಿದ್ರ ಯೂನಿಯನ್ನವ್ರು ಬಿಡ್ತಿದ್ರೇನ?" ಎಂದೆ. ಕಲಿತೆ, ಬೈಸಿಕೊಳ್ಳುತ್ತಲೇ ಕಲಿತೆ. ಬ್ಯಾಟರಿಯ ತುದಿಗೆ ಬಿಳಿ ಹೂವಿನಂತೆ ಕಟ್ಟಿಕೊಳ್ಳುವ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯುವುದು, ಮಳೆಗಾಲಕ್ಕೆ ಮೊದಲು ವೈಪರಿನ ರಬ್ಬರು ಬದಲಿಸುವುದು, ಪ್ಲಗ್ಗು ಬಿಚ್ಚಿ ಅದರ ಮಸಿಯ ಬಣ್ಣ ನೋಡಿ ಇಂಜಿನ್ನಿನ ಆರೋಗ್ಯ ಹೇಳುವುದು, ಎಲ್ಲವೂ ನಿಧಾನಕ್ಕೆ ಕೈಗೆ ಹತ್ತಿತು. ಡ್ರೈವಿಂಗೂ ನನ್ನದೇ. ಪಕ್ಕದ ಸೀಟಿನಲ್ಲಿ ಕೂತ ಇವರು ಪೊವಾಯಿ ರಸ್ತೆಯ ಟ್ರಾಫಿಕ್ಕಿನಲ್ಲಿ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲಡಿಯ ಮ್ಯಾಟು ಸವೆಸಿದ್ದಾರೆ.

ಮುಂಬೈಯಲ್ಲಿ ಹಳೇ ಕಾರಿಗೆ ದೊಡ್ಡ ವೈರಿ ಜಂಗು, ಅಂದರೆ ತುಕ್ಕು. ನಾಲ್ಕು ತಿಂಗಳು ಮಳೆ, ಉಳಿದ ಎಂಟು ತಿಂಗಳು ಉಪ್ಪುಗಾಳಿ. ಬಾಗಿಲ ಕೆಳಗೆ, ಬ್ಯಾಟರಿ ಕೂರುವ ತಟ್ಟೆಯಲ್ಲಿ, ಎಲ್ಲಿ ನೋಡಿದರೂ ಕೆಂಪು ಹುಡಿ. ಹಾಗಾಗಿ ದಸರೆಗೆ ಮೊದಲು ನಮ್ಮಲ್ಲಿ ಕಾರಿನ ಜಂಗು ತೆಗೆಯುವುದು ಒಂದು ಪದ್ಧತಿಯೇ ಆಗಿಹೋಯಿತು. ಪಾಲಿಶ್ ಪೇಪರಿನಿಂದ ಉಜ್ಜಿ, ಗುಂಡಿ ಬಿದ್ದಲ್ಲಿ ಪುಟ್ಟಿ ಎಂಬ ಲೇಪ ತುಂಬಿ, ಮೇಲೆ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಿಳಿ ಬಣ್ಣ. ಮರುದಿನ ಖಂಡೇಪೂಜೆ. ಪಾನಾಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಮಣೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಕಾರಿಗೆ ಚೆಂಡುಹೂವಿನ ಹಾರ ಹಾಕುತ್ತಿದ್ದೆವು.

ಈಗ ಈ ವರ್ಷದ ಕಥೆಗೆ ಬರುತ್ತೇನೆ. ಕಾರಿಗೆ ಹದಿನೈದು ತುಂಬಿತು. ಹದಿನೈದು ತುಂಬಿದ ಗಾಡಿಯನ್ನು ಆರ್‌ಟಿಓಗೆ ಒಯ್ದು ತೋರಿಸಬೇಕು. ಇನ್ಸ್‌ಪೆಕ್ಟರು ನೋಡಿ ಸರಿ ಇದೆ ಅಂದರೆ ಇನ್ನೈದು ವರ್ಷ ರಸ್ತೆಯಲ್ಲಿ ಓಡಬಹುದು. ಇಲ್ಲವೆಂದರೆ ಭಂಗಾರಕ್ಕೆ, ಅಂದರೆ ಗುಜರಿಗೆ. ಬೊರಿವಲಿಯಲ್ಲಿರುವ ಮಗಳು ಫೋನು ಮಾಡಿ, "ಅವ್ವಾ, ಛೋಡೋ ನಾ. ಸ್ಕ್ರ್ಯಾಪ್‌ಗೆ ಕೊಟ್ಟಬಿಡು. ಎಲ್ಲಿ ಹೋಗೋದು ಇದ್ರೂ ನಾ ಇಲ್ಲಿಂದ ಕ್ಯಾಬ್ ಬುಕ್ ಮಾಡ್ತೀನಿ" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಹೋಗಿ ಬರುವುದಕ್ಕೇ ಆಗಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ನನಗೆ ಕಾರು ಬೇಕಿರಲಿಲ್ಲ. ಕಾರಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನನ್ನನ್ನು ಬೈಯುವ ಗಂಡ ಬೇಕಿದ್ದ. ಕಾರು ಹೋದರೆ ಆ ಸ್ಟೂಲು ಹೋಯಿತು. ಸ್ಟೂಲು ಹೋದರೆ ಇವರು ಟೀವಿಯ ಮುಂದಿನ ಕುರ್ಚಿಗೆ ಹೋಗುತ್ತಾರೆ. ಅಲ್ಲಿಂದ ಏಳುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಹೆದರಿಕೆಯೂ ಇತ್ತು.

ಎರಡು ತಿಂಗಳು ತಯಾರಿ ನಡೆಸಿದೆವು. ಬ್ರೇಕಿನ ಶೂ ಹೊಸದು ಹಾಕಿದೆವು. ಎಡಗಡೆಯ ಇಂಡಿಕೇಟರು ಮನಸ್ಸು ಬಂದಾಗ ಮಾತ್ರ ಉರಿಯುತ್ತಿತ್ತು. ಅದರ ವೈರು ಬದಲಿಸಿದೆ. ಹಾರ್ನು ಕೆಮ್ಮುತ್ತಿತ್ತು, ಅದನ್ನು ಬಿಚ್ಚಿ ಒರೆಸಿ ಕೂರಿಸಿದೆ. ಬುಧವಾರ ಹೋಗುವುದೆಂದು ನಿಶ್ಚಯವಾಯಿತು. ಅದರ ಮುಂಚಿನ ಭಾನುವಾರ ಉಳಿದದ್ದು ಒಂದೇ ಕೆಲಸ, ಚಾಸಿ ನಂಬರಿನ ಛಾಪು.

ಪ್ರತಿ ಕಾರಿಗೂ ಹುಟ್ಟುವಾಗಲೇ ಅದರ ಮೈಮೇಲೆ ಒಂದು ನಂಬರು ಕೊರೆದಿರುತ್ತಾರೆ. ನಮ್ಮದರಲ್ಲಿ ಅದು ಇಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲಿದೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ಲು ತಿಕ್ಕಿದರೆ ನಂಬರು ಮೂಡುತ್ತದೆ, ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಿದ್ದೆವಲ್ಲ ಹಾಗೆ. ಆ ಕಾಗದವನ್ನು ಅರ್ಜಿಗೆ ಅಂಟಿಸಿ ಕೊಡಬೇಕು. ನಾನು ಕಾಗದ ಇಟ್ಟು ತಿಕ್ಕಿದೆ. ಬರೀ ಕಪ್ಪು. ಇನ್ನೊಂದು ಕಾಗದ ಇಟ್ಟೆ. ಮತ್ತೂ ಕಪ್ಪು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ ತಗಡು ನುಣ್ಣಗೆ ಇತ್ತು.

"ಎಲ್ಲಿ ಐತ್ರೀ ನಂಬರ?" ಎಂದು ಕೇಳುತ್ತಿರುವಾಗಲೇ ನನಗೆ ನೆನಪಾಯಿತು.

ಎರಡು ವರ್ಷದ ಹಿಂದಿನ ದಸರೆ. ಇವರನ್ನು ಕೈಯ ಇನ್ನೊಂದು ಪರೀಕ್ಷೆಗೆಂದು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಮಗಳು ಜೊತೆಗಿದ್ದಳು. ಮರುದಿನ ಖಂಡೇಪೂಜೆ. ಇವರು ಬರುವಷ್ಟರಲ್ಲಿ ಕಾರನ್ನು ಹೊಸದರಂತೆ ಮಾಡಿ ತೋರಿಸಬೇಕೆಂಬ ಹುರುಪು ನನಗೆ. ನಮ್ಮೂರಲ್ಲಿ ದಸರೆ ಬಂತೆಂದರೆ ಹೆಣ್ಣುಮಕ್ಕಳೆಲ್ಲ ಮನೆ ಸಾರಿಸುತ್ತಾರೆ. ಗೋಡೆಯ ಒಂದೊಂದು ಕುಳಿಗೂ ಮಣ್ಣು ಮೆತ್ತಿ, ಅಂಗೈಯಿಂದ ನುಣುಪು ಮಾಡಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಕಾರಣೆ, ಎಳೆಯುತ್ತಾರೆ. ಎಂಟು ವರ್ಷದವಳಿದ್ದಾಗಿನಿಂದ ಮಾಡಿದ ಕೈ ಇದು. ಕುಳಿ ಕಂಡರೆ ತುಂಬದೆ ಬಿಡುವುದಿಲ್ಲ. ಅವತ್ತು ಕನ್ನಡಕ ಮೇಲೆಯೇ ಉಳಿದಿತ್ತು. ಇಂಜಿನ್ನಿನ ಹಿಂದಿನ ತಗಡನ್ನು ಬೆರಳಿಂದ ಸವರಿದಾಗ ಸಾಲಾಗಿ ಗುಂಡಿಗಳು ಹತ್ತಿದವು. ಅಯ್ಯ, ಇಲ್ಲಿಯೂ ಜಂಗು ತಿಂದಿದೆಯಲ್ಲ ಅಂದುಕೊಂಡು ಡಬ್ಬಿಯಲ್ಲಿದ್ದ ಪುಟ್ಟಿಯನ್ನೆಲ್ಲ ಅಲ್ಲಿಗೆ ಮೆತ್ತಿ, ಒರೆಸಿ, ಗೋಡೆಯಷ್ಟು ನುಣುಪು ಮಾಡಿದೆ. ಮೇಲೆ ರೆಡ್ ಆಕ್ಸೈಡಿನ ಕಾರಣೆ. ಅದರ ಮೇಲೆ ಬಿಳಿ. ಆಸ್ಪತ್ರೆಯಿಂದ ಬಂದ ಇವರು ಬಾನೆಟ್ಟು ಎತ್ತಿ ನೋಡಿ, "ಭಾರಿ ಮಾಡೀಯಲ್ಲ!" ಎಂದಿದ್ದರು. ಆ ಹೊಗಳಿಕೆಯನ್ನು ನಾನು ಆರು ತಿಂಗಳು ತಲೆಯ ಮೇಲೆ ಹೊತ್ತು ತಿರುಗಿದ್ದೆ.

ಹೋದ ವರ್ಷ ಮಾತ್ರ ಇವರು, ಬಣ್ಣವನ್ನಾದರೂ ನಾನೇ ಬಳಿಯುತ್ತೇನೆ ಎಂದು ಹಟ ಹಿಡಿದರು. ಬ್ರಷ್ಷು ನಡುಗಿ ಬಣ್ಣ ಎಲ್ಲೆಂದರಲ್ಲಿ ಸಿಡಿದಿತ್ತು. ಒರೆಸಿದ್ದೆವು. ಈಗ ಸ್ಟೂಲಿನಿಂದ ಎದ್ದು ಬಂದು, ಆ ನುಣುಪು ತಗಡನ್ನು ನೋಡುತ್ತ ನಿಂತರು. ಕೈಗಳನ್ನು ಅಂಗಿಯ ಕೆಳಗೆ ಎಳೆದುಕೊಂಡರು.

"ನಾನ ಮುಚ್ಚೇನಿ ಇದನ್ನ. ಹ್ವಾದ ವರ್ಷ ಬಳದ್ನಲ್ಲ. ಹಾಳ ಕೈ."

ಅಲ್ಲೇ ಹೇಳಬೇಕಿತ್ತು. ರೀ ನೀವಲ್ಲ, ನಾನು ಎಂದು ಮೂರು ಶಬ್ದ. ತಪ್ಪು ಮಾಡಿ ಬಾಯಿ ಮುಚ್ಚಿ ಕೂತ ಎಷ್ಟು ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿಲ್ಲ! ಆದರೆ ನಾಲಿಗೆ ಹೊರಳಲಿಲ್ಲ. ಅವರ ಹತ್ತಿರ ಸಿಕ್ಕ ಒಂದೇ ಒಂದು ಶಭಾಷ್‌ಗಿರಿ, ಅದನ್ನು ವಾಪಸ್ ಕೊಡಲು ಮನಸ್ಸು ಬರಲಿಲ್ಲ. ನಾಚಿಕೆಯ ಮಾತು, ಆದರೆ ನಿಜ.

"ನಂಬರ ಇಲ್ಲದ ಗಾಡಿ ಅಂದ್ರ ಅದು ಕಳವಿನ ಗಾಡಿ ಇದ್ದಂಗ. ಪಾಸ್ ಮಾಡೂದಿಲ್ಲ. ಭಂಗಾರದವಗ ಫೋನ್ ಹಚ್ಚು" ಎಂದು ಹೇಳಿ ಅವರು ಮೆಟ್ಟಿಲು ಹತ್ತಿದರು. ಪಾನಾಗಳು ಅಲ್ಲಿಯೇ ನೆಲದ ಮೇಲೆ ಉಳಿದವು. ಒಂದು ವಾಶರು ಬಿದ್ದರೂ ಮೊಣಕಾಲೂರಿ ಹುಡುಕುವ ಮನುಷ್ಯ ಹತ್ಯಾರಗಳನ್ನು ಹಾಗೇ ಬಿಟ್ಟು ಹೋದದ್ದನ್ನು ನೋಡಿ, ನಾನೇ ಅವನ್ನು ಒಂದೊಂದಾಗಿ ಆರಿಸಿ ಪೆಟ್ಟಿಗೆಗೆ ತುಂಬಿದೆ.

ಸೋಮವಾರ ಬೆಳಗ್ಗೆ ಸ್ಟೇಶನ್ ಕಡೆಯ ಪೇಂಟಿನ ಅಂಗಡಿಗೆ ಓಡಿದೆ. ಅಂಗಡಿಯವರು ಕಲಬುರಗಿ ಕಡೆಯ ಸಾಹೇಬರು. ಮನೆಯಲ್ಲಿ ದಖನಿ, ನನ್ನ ಜೊತೆ ಕನ್ನಡ. ಎಲ್ಲ ಹೇಳಿದೆ. ಗಂಡನಿಗೆ ಹೇಳಲಾಗದ್ದನ್ನು ಅಂಗಡಿಯವರಿಗೆ ಸಲೀಸಾಗಿ ಹೇಳಿದೆ ನೋಡಿ! ಅವರು ಹಣೆಗೆ ಕೈ ಹಚ್ಚಿಕೊಂಡರು.

"ಯಾ ಅಲ್ಲಾ! ಟೀಚರಕ್ಕಾ, ಕುಳಿ ಅಂತ ನಂಬರಿಗೇ ಪುಟ್ಟಿ ಹೊಡದ್ರೀ? ಕೇಳ್ರಿ ಈಗ. ಪಾಲಿಶ್ ಪೇಪರ್ ಮುಟ್ಟಸಬ್ಯಾಡ್ರಿ. ಉಳಿ, ಬ್ಲೇಡ್ ಏನೂ ಬ್ಯಾಡ. ನಂಬರಿನ ಮ್ಯಾಲೆ ಗೀಚಿದ ನಿಶಾನಿ ಕಂಡ್ರ ಗಾಡಿ ನಂಬರ್ ತಿದ್ಯಾರ ಅಂತ ಶಕ್ ಬರತದ. ಆಮ್ಯಾಲ ಎಷ್ಟ್ ಹೇಳಿದ್ರೂ ಯಾರೂ ಕೇಳಂಗಿಲ್ಲ. ಈ ರಿಮೂವರ್ ಒಯ್ರಿ, ಬಣ್ಣ ಹೋಗತದ. ಪುಟ್ಟಿ ಮಾತ್ರ ಇದಕ್ಕ ಜಗ್ಗಂಗಿಲ್ಲ. ಅದಕ್ಕ ನಿಮ್ಮ ಫೋರ್‌ಮನ್ ಸಾಹೇಬ್ರನ್ನೇ ಕೇಳ್ರಿ."

ಅದೇ ಆಗುವ ಹಾಗಿರಲಿಲ್ಲ. ರಿಮೂವರು ಹಚ್ಚಿದೆ. ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಮೇಲೆದ್ದಿತು. ಬಿಳಿ ಹೋಯಿತು, ಕೆಂಪು ಹೋಯಿತು. ಕೆಳಗೆ ನನ್ನ ಪುಟ್ಟಿ, ಕಲ್ಲಿನ ಹಾಗೆ. ಎಷ್ಟು ಚೆನ್ನಾಗಿ ಮೆತ್ತಿದ್ದೇನೆಂದು ನನಗೇ ಆಶ್ಚರ್ಯವಾಯಿತು. ಉಗುರಿನಿಂದ ಕೆರೆದೆ, ಉಗುರು ಮುರಿಯಿತು. ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿದೆ, ಕೂದಲು ಉದುರಿದವು. ಸಂಜೆಯ ಹೊತ್ತಿಗೆ ಮೊದಲಿನ ಎರಡು ಅಕ್ಷರ ಮಸುಕಾಗಿ ಕಂಡವು, ಅಷ್ಟೇ. ಗ್ಯಾಲರಿಯತ್ತ ಮುಖ ಎತ್ತಿ, "ರೀ, ಒಂದ್ ಸಲ ಬಂದ್ ನೋಡ್ರಿ" ಎಂದು ಕೂಗಿದೆ. ಮೇಲಿನಿಂದ, "ಸಾಕ ಬಿಡ ಅದನ್ನ" ಎಂಬ ದನಿ ಬಂತು. ಟೀವಿಯ ಸದ್ದು ಇನ್ನಷ್ಟು ಜೋರಾಯಿತು.

ಮನೆಗೆ ಹೋದರೆ ಅವರು ಗಡ್ಡ ಬೋಳಿಸಿಕೊಂಡಿರಲಿಲ್ಲ. ಚಹಾ ಕೊಟ್ಟರೆ ಬೇಡವೆಂದರು. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು, ನನಗೇ ಗೊತ್ತಿತ್ತು. ಒಂದು ಮಾತೂ ಅನ್ನದೆ ಉಂಡೆದ್ದರು. ಬೇಕಂತಲೇ ನಾನು, "ಉಪ್ಪು ಸರಿ ಐತೇನ್ರಿ?" ಎಂದು ಕೆಣಕಿದೆ. "ಐತಿ" ಎಂದರು. ಮೂವತ್ತು ವರ್ಷಗಳ ಸಂಸಾರದಲ್ಲಿ ನನಗೆ ಅಷ್ಟು ಭಯವಾದದ್ದು ಅದೇ ಮೊದಲು. ಇವರು ಟೀವಿಯ ಮುಂದಿನ ಕುರ್ಚಿಗೆ ಹೋಗಿಯೇಬಿಟ್ಟಿದ್ದರು. ಅಲ್ಲಿಗೆ ಕಳಿಸಿದವಳು ನಾನು.

ಮಂಗಳವಾರ ಬೆಳಗ್ಗೆ ಟೀವಿಯ ಎದುರಿಗೇ ಹೋಗಿ ನಿಂತೆ.

"ಸರಿ ಆಕಡೆ" ಎಂದರು.

"ಸರಿಯೂದಿಲ್ಲ. ನಂಬರ ಮುಚ್ಚಿದ್ದು ನೀವಲ್ಲ. ನಾನು. ನೀವು ದವಾಖಾನ್ಯಾಗ ಇದ್ದಾಗ ಗ್ವಾಡಿ ಸಾರಿಸಿದಂಗ ಪುಟ್ಟಿ ಮೆತ್ತೇನಿ. ಜಂಗ ತಿಂದ ಕುಳಿ ಅಂತ ತಿಳಿದೆ. ನಿಮ್ಮ ಕೈದೇನೂ ತಪ್ಪಿಲ್ಲ."

ಅವರ ಕಿವಿ ಕೆಂಪಾದವು.

"ಏನಂದಿ? ಕುಳಿ? ಸಾಲ ಹಿಡದು, ಒಂದ ಅಳತಿ ಮ್ಯಾಲ, ಹದಿನೇಳು ಕುಳಿ? ಜಂಗ ಏನ್ ಪಟ್ಟಿ ಹಚ್ಚಿ ತಿನ್ನತೈತೇನ? ಏ ಮಾರಾಯ್ತಿ, ಇಪ್ಪತ್ತೆಂಟು ವರ್ಷ ಹುಡುಗೂರಿಗೆ ಅಕ್ಷರಾ ಕಲಿಸೀದಿ! ಕಬ್ಬಣದ ಮ್ಯಾಲಿನ ಅಕ್ಷರಾ ನಿನ್ನ ಬೆರಳಿಗೆ ಹತ್ಲಿಲ್ಲೇನ? ಅದೇನ್ ನಿಮ್ಮವ್ವನ ಮನಿ ಗ್ವಾಡಿ ಅಂತ ತಿಳಿದ್ಯಾ ಸಾರಿಸಾಕ?"

ಎದ್ದು ನಿಂತರು. ದನಿ ಏರಿತು. ಪುಟ್ಟಿ ಎಂದರೇನು, ಪ್ರೈಮರ್ ಎಂದರೇನು, ಕನ್ನಡಕ ಇರುವುದು ಯಾತಕ್ಕೆ, ಹುರುಪಿಗೂ ಒಂದು ಮಿತಿ ಬೇಡವೇ ಎಂದು ಶುರುವಾದದ್ದು ಹತ್ತು ನಿಮಿಷ ನಿಲ್ಲಲಿಲ್ಲ. ಎದುರು ಮನೆಯವರ ಬಾಗಿಲು ಎಷ್ಟೋ ವರ್ಷಗಳ ನಂತರ ಮತ್ತೆ ತೆರೆಯಿತು. ನಾನು ತಲೆ ತಗ್ಗಿಸಿ ನಿಂತಿದ್ದೆ. ನಿಜ ಹೇಳುತ್ತೇನೆ, ಒಳಗೊಳಗೆ ಜೀವ ತಣ್ಣಗಾಗುತ್ತಿತ್ತು. ಬೈಯ್ರಿ, ಇನ್ನಷ್ಟು ಬೈಯ್ರಿ ಅನ್ನಿಸುತ್ತಿತ್ತು.

ಕೊನೆಗೆ ದನಿ ಇಳಿಸಿ ಒಂದು ಮಾತು ಅಂದರು. "ಎರಡ ದಿನದಿಂದ ನಾ ನನ್ನ ಕೈಗೆ ಶಾಪಾ ಹಾಕ್ಕೋಂತ ಕುಂತೇನಿ. ನೀ ನೋಡ್ಕೋಂತ ಇದ್ದಿ."

"ತಪ್ಪಾತ್ರಿ" ಎಂದೆ. ಅಳು ಬಂತು, ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಮಾಡುವ ಜಾತಿಯವರೂ ಅಲ್ಲ. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹುಡುಕಿದರು.

"ಅತ್ತಿದ್ದ ಸಾಕು. ಮಗಳು ಬಿಟ್ಟು ಹೋದ ಕೂದಲಾ ಒಣಗ್ಸೂ ಮಶೀನ್ ಐತಲ್ಲ, ತಗೊಂಡ ಬಾ. ಮತ್ತ ದೇವರ ಮುಂದಿನ ಊದಿನಕಡ್ಡಿ, ಉರದು ಉಳದ ಬಿದರಿನ ತುದಿ, ಎಷ್ಟ ಅದಾವ ಎಲ್ಲಾ ತಾ. ಕಬ್ಬಣಕ್ಕ ಕಬ್ಬಣ ಹಚ್ಚೂದ ಬ್ಯಾಡ."

ಮೊದಲು ಸೋಪಿನ ನೀರಿನಿಂದ ರಿಮೂವರನ್ನೆಲ್ಲ ತೊಳೆಸಿದರು, ಬಿಸಿ ಗಾಳಿಗೆ ಬೆಂಕಿ ಹಿಡಿಯಬಾರದೆಂದು. ಎರಡನೇ ಮಹಡಿಯ ಗ್ಯಾಲರಿಯಿಂದ ಮೂರು ವೈರು ಜೋಡಿಸಿ ಕರೆಂಟು ಇಳಿಸಿದೆವು. ನಾನು ಹೇರ್ ಡ್ರೈಯರು ಹಿಡಿದು ಒಂದೇ ಜಾಗಕ್ಕೆ ಬಿಸಿ ಗಾಳಿ ಬಿಡಬೇಕು, ಅವರು ಎಣಿಸುವರು, "ಈಗ!" ಎಂದಾಗ ಬಿದಿರಿನ ಕಡ್ಡಿಯ ತುದಿಯಿಂದ ಮೆತ್ತಗಾದ ಪುಟ್ಟಿಯನ್ನು ಮೆಲ್ಲಗೆ ಎಬ್ಬಿಸಬೇಕು. ಅವಸರ ಮಾಡಿದರೆ ಕಡ್ಡಿ ಮುರಿಯುತ್ತಿತ್ತು, ತಡ ಮಾಡಿದರೆ ಪುಟ್ಟಿ ಮತ್ತೆ ಬಿಗಿಯುತ್ತಿತ್ತು. ಎರಡು ಅಕ್ಷರ ಬಂದವು, ನಾಲ್ಕು ಬಂದವು. ಟಾರ್ಚು ಹಿಡಿಯಲು ಹೆದರಿ ಯಾವಾಗಲೂ ದೂರ ನಿಲ್ಲುವ ನೆರೆಯವರು ಕೂಡ ಇವತ್ತು ಹತ್ತಿರ ಬಂದು ಬಗ್ಗಿ ನೋಡಿದರು. ಮಧ್ಯಾಹ್ನ ದಾಟುವ ಹೊತ್ತಿಗೆ ಹದಿನೇಳೂ ಬಂದವು. ಇವರು ಗಾಡಿಯ ಆರ್‌ಸಿ ಪುಸ್ತಕ ತೆರೆದು ಒಂದೊಂದೇ ಓದಿದರು, ನಾನು ತಗಡಿನ ಮೇಲೆ ಬೆರಳಿಟ್ಟು ಹೂಂಗುಟ್ಟಿದೆ. ಒಂದು ಗೀರೂ ಬಿದ್ದಿರಲಿಲ್ಲ.

ಇನ್ನು ಛಾಪು. ಕಾಗದ ಇಟ್ಟೆ, ಪೆನ್ಸಿಲ್ಲಿನಿಂದ ತಿಕ್ಕಿದೆ. ಕರಿಹಲಗೆಯ ಮೇಲೆ ಒತ್ತಿ ಬರೆದು ಬರೆದು ನನ್ನ ಕೈ ಬಿರುಸು. ಕೊರೆದ ಗೆರೆಗಳ ತಳದಲ್ಲಿ ಇನ್ನೂ ಪುಟ್ಟಿಯ ಪೊರೆ ಉಳಿದು ಆಳ ಕಡಿಮೆಯಾಗಿತ್ತು. ಒತ್ತಿದರೆ ಇಡೀ ಕಾಗದ ಕಪ್ಪಾಗುತ್ತಿತ್ತು. ಇನ್ನೊಂದು ಹರಿಯಿತು. ಮೂರನೆಯದರಲ್ಲಿ ಎಂಟೋ ಮೂರೋ ಗೊತ್ತಾಗಲಿಲ್ಲ.

"ಒತ್ತಬ್ಯಾಡ ಅಂದ್ನಲ್ಲ! ಹಗೂರಕ! ಹಗೂರಕ ಅಂದ್ರ ತಿಳೀತೈತಿಲ್ಲ?" ಎಂದು ಎದ್ದು ಬಂದವರೇ ನನ್ನ ಕೈಯಿಂದ ಪೆನ್ಸಿಲ್ಲು ಕಿತ್ತುಕೊಂಡರು. ಸಿಟ್ಟಿನಲ್ಲಿ ಕಿತ್ತುಕೊಂಡದ್ದು, ಕೈಯ ನೆನಪೇ ಇರಲಿಲ್ಲ ಅವರಿಗೆ. ನನಗಿತ್ತು. ಬೇಡ ಎನ್ನಲು ಬಾಯಿ ತೆರೆದವಳು ತುಟಿ ಕಚ್ಚಿಕೊಂಡೆ.

ಮಣಿಕಟ್ಟನ್ನು ತಗಡಿನ ಅಂಚಿಗೆ ಆನಿಸಿದರು. ಪೆನ್ಸಿಲ್ಲನ್ನು ಮಲಗಿಸಿ ಹಿಡಿದರು. ಸೀಸ ಕಾಗದಕ್ಕೆ ತಾಗಿತು, ಕೈ ನಡುಗತೊಡಗಿತು. ಅತ್ತ ಇತ್ತ, ಅತ್ತ ಇತ್ತ, ತೂಕವೇ ಇಲ್ಲದೆ. ಅವರು ಮಾಡಿದ್ದಿಷ್ಟೇ, ಆ ನಡುಗುವ ಕೈಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತ ಹೋದದ್ದು. ಉಳಿದದ್ದನ್ನು ನಡುಕವೇ ಮಾಡಿತು. ಬೂದು ಬಣ್ಣದ ನಡುವೆ ಬಿಳಿ ಅಕ್ಷರಗಳು ಒಂದಾದಮೇಲೊಂದು ಎದ್ದು ಬಂದವು. ಎಂಟು ಎಂಟೇ ಆಗಿತ್ತು. ಹದಿನೇಳನೆಯದೂ ಮೂಡಿತು.

ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ತಮ್ಮ ಕೈಯನ್ನೂ ನೋಡಿಕೊಂಡರು. "ಗೋಂದು ತಾ" ಎಂದರು. ತರಲು ಮೆಟ್ಟಿಲು ಹತ್ತುತ್ತ ನಾನು ಇನ್ನೊಮ್ಮೆ ಅತ್ತೆ, ಈ ಸಲ ಖುಷಿಗೆ.

ಬುಧವಾರ ಆರ್‌ಟಿಓ ಮೈದಾನದಲ್ಲಿ ಹಳೇ ಗಾಡಿಗಳ ಸಾಲು. ಬಣ್ಣ ಹೋದವು, ಬಂಪರಿಗೆ ಹಗ್ಗ ಕಟ್ಟಿದವು, ನಮ್ಮದಕ್ಕಿಂತ ಚೆನ್ನಾಗಿ ತೊಳೆದವು. ಇನ್ಸ್‌ಪೆಕ್ಟರು ಬಂದು ಲೈಟು, ಇಂಡಿಕೇಟರು, ವೈಪರು ಹಾಕಿಸಿದರು. ಹಾರ್ನು ಹೊಡೆಸಿದರು. ಬ್ರೇಕು ನೋಡಿದರು. ಬಾನೆಟ್ಟು ಎತ್ತಿಸಿ, ಟಾರ್ಚು ಬಿಟ್ಟು ನಂಬರು ನೋಡಿದರು, ಅರ್ಜಿಯ ಮೇಲಿನ ಛಾಪು ನೋಡಿದರು, ಮತ್ತೆ ನಂಬರು ನೋಡಿದರು.

"ಹಾ ಠಸಾ ಕೋಣೀ ಘೇತಲಾ?" ಎಂದರು, ಈ ಛಾಪು ತೆಗೆದವರು ಯಾರು ಎಂದು.

"ಮೀ" ಎಂದರು ಇವರು, ನಾನು ಎಂದು.

"ಛಾನ್ ಆಹೆ," ಚೆನ್ನಾಗಿದೆ ಎಂದು ಸಹಿ ಹಾಕಿ ಅವರು ಮುಂದಿನ ಗಾಡಿಗೆ ಹೋದರು. ಇನ್ನೈದು ವರ್ಷ. ನಾನು ಬಾನೆಟ್ಟು ಇಳಿಸಿ, ಮನೆಗೆ ಹೋಗಿ ಬಿಸಿ ರೊಟ್ಟಿ ಬಡಿಯಬೇಕೆಂದು ಲೆಕ್ಕ ಹಾಕುತ್ತ ಸ್ಟೇರಿಂಗಿನ ಮುಂದೆ ಕೂತೆ. ಪಕ್ಕದ ಸೀಟು ಖಾಲಿ.

ತಿರುಗಿ ನೋಡಿದರೆ ನಮ್ಮ ಹಿಂದಿನ ಗಾಡಿಯವನು, ಛಾಪು ತೆಗೆಯಲು ಹೋಗಿ ಹರಿದ ಕಾಗದ ಹಿಡಿದುಕೊಂಡು, "ಅಂಕಲ್, ಮೇರಾ ಭೀ ನಿಕಾಲ್ ದೋ ನಾ, ದೋ ಬಾರ್ ಫಟ್ ಗಯಾ" ಎನ್ನುತ್ತಿದ್ದ. ಇವರು ಆಗಲೇ ಅವನ ಬಾನೆಟ್ಟಿನೊಳಗೆ ಬಗ್ಗಿದ್ದರು. ಅವನದು ಮುಗಿಯುವಷ್ಟರಲ್ಲಿ ಅದರ ಹಿಂದಿನವರು ಬಂದು ನಿಂತರು. ಆಮೇಲೆ ಸ್ಕೂಟರಿನ ಒಬ್ಬ ಹೆಂಗಸು. ಇವರು ಎಲ್ಲರಿಗೂ ಗದರಿಸುತ್ತಿದ್ದರು. ಕಾಗದ ಸರಿಯಾಗಿ ಹಿಡಿಯಿರಿ, ಬೆಳಕಿಗೆ ಅಡ್ಡ ನಿಲ್ಲಬೇಡಿ, ನಂಬರಿನ ಮೇಲೆ ಯಾರೂ ಪುಟ್ಟಿ ಹಚ್ಚಬೇಡಿ ಎಂದು ಹಿಂದಿಯಲ್ಲಿ ಹೇಳಿ ನನ್ನತ್ತ ಕಣ್ಣು ಬಿಟ್ಟರು. ಬಿಸಿಲು ನೆತ್ತಿಗೇರಿತು. ನನ್ನ ಹೊಟ್ಟೆ ಚುರುಗುಟ್ಟಿತು. ಇಳಿದು ಹೋಗಿ, "ಸಾಕು ನಡೀರಿ ಮನಿಗೆ" ಎಂದೆ.

ಅವರು ತಲೆ ಎತ್ತಲೂ ಇಲ್ಲ. ಮೊಂಡಾದ ಪೆನ್ಸಿಲ್ಲನ್ನು ನನ್ನ ಕಡೆ ಚಾಚಿದರು. ಎಲ್ಲರ ಎದುರಿಗೆ ಆ ಕೈ ನಡುಗುತ್ತಿತ್ತು.

"ಏ, ಲಗೂನ ಇದನ್ನ ಚೂಪ ಮಾಡಿ ಕೊಡು. ಮಂದಿ ಕಾಯಾಕತ್ತಾರ."